ಹಳೆಯ ಪೇಟಿಗಳ ಸಂಗ್ರಹ: ಬಳ್ಳಾರಿಯ ರಂಗದಿಂದ ಜಪಾನಿನ ಗಿಟಾರಿನವರೆಗೆ

ತುಂಗಭದ್ರೆ ಮತ್ತು ವೇದಾವತಿಯ ನೀರಿನಿಂದ ಭತ್ತದ ಸೀಮೆಯಾಗಿರುವ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ, ತೆಕ್ಕಲಕೋಟೆ ಹೋಬಳಿಗಳ ಹಳ್ಳಿಗಳಲ್ಲಿ, ಹಾಗೆಯೇ ಕುರುಗೋಡು ಮತ್ತು ಬಳ್ಳಾರಿಯ ಸುತ್ತಮುತ್ತ, ಜಾತ್ರೆಯ ನಾಟಕಕ್ಕೂ ಬಯಲಾಟದ ತಾಲೀಮಿಗೂ ಗುಡಿಯ ಭಜನೆಗೂ ಬೇಕಾಗುತ್ತಿದ್ದ ವಾದ್ಯವೆಂದರೆ ಹಾರ್ಮೋನಿಯಂ, ಅಂದರೆ ಜನರ ಬಾಯಲ್ಲಿ ಪೇಟಿ. ಊರಿನ ಹುಡುಗರಿಗೆ ಪಾತ್ರ ಹಂಚಿ, ಮಾತು ಕಲಿಸಿ, ಹಾಡು ತಿದ್ದುವವರನ್ನು ಹಾರ್ಮೋನಿಯಂ ಮಾಸ್ತರ ಎಂದೇ ಕರೆಯುವ ರೂಢಿಯಿದ್ದುದರಿಂದ, ಆ ವಾದ್ಯಕ್ಕೆ ರಂಗದ ಮೇಲೆ ಎಂಥ ಸ್ಥಾನವಿತ್ತೆಂಬುದು ತಿಳಿಯುತ್ತದೆ. ಪಶ್ಚಿಮ ದೇಶಗಳಲ್ಲಿ ಮತ್ತು ಜಪಾನಿನಲ್ಲಿ 1960 ಮತ್ತು 70ರ ದಶಕಗಳ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಹುಡುಕಿ, ತಯಾರಿಸಿದ ಕಾರ್ಖಾನೆಯನ್ನು ಗುರುತಿಸಿ, ಒಂದೊಂದು ಬಿಡಿಭಾಗದ ಪೂರ್ವಾಪರವನ್ನು ಬರೆದಿಟ್ಟುಕೊಳ್ಳುವ ಸಂಗ್ರಾಹಕರ ಒಂದು ದೊಡ್ಡ ಬಳಗವೇ ಇದೆ. ಬಳ್ಳಾರಿ ಸೀಮೆಯ ಹಳೆಯ ಪೇಟಿಗಳು ಅಂಥದೇ ಶ್ರದ್ಧೆಗೆ ಎಲ್ಲ ರೀತಿಯಿಂದಲೂ ಅರ್ಹವಾಗಿದ್ದರೂ, ಅವುಗಳಿಗೆ ಆ ಗಮನ ಇನ್ನೂ ದೊರೆತಿಲ್ಲ.

ಪೇಟಿಯ ಬೆಲೆ ಅದರ ಪೆಟ್ಟಿಗೆಯಲ್ಲಿಲ್ಲ, ಒಳಗಿನ ರೀಡುಗಳಲ್ಲಿದೆ. ರೀಡು ಎಂದರೆ ಉದ್ದನೆಯ ಸೀಳು ಇರುವ ಒಂದು ಹಿತ್ತಾಳೆಯ ಪಟ್ಟಿ, ಮತ್ತು ಆ ಸೀಳಿನ ಮೇಲೆ ಒಂದು ತುದಿಯನ್ನು ಮಾತ್ರ ಬಿಗಿದು ಇನ್ನೊಂದು ತುದಿಯನ್ನು ಬಿಡಿಯಾಗಿ ಬಿಟ್ಟ ತೆಳುವಾದ ನಾಲಗೆ. ವಾದಕನು ಒಂದು ಕೈಯಿಂದ ತಿದಿಯನ್ನು ಒತ್ತಿ ಇನ್ನೊಂದು ಕೈಯಿಂದ ಮನೆಯನ್ನು, ಅಂದರೆ ಸ್ವರದ ಕೀಯನ್ನು, ಅದುಮಿದಾಗ ಆ ಮನೆಯ ಕೆಳಗಿನ ರಂಧ್ರ ತೆರೆದುಕೊಂಡು, ಗಾಳಿಯು ಸೀಳಿನ ಮೂಲಕ ನುಗ್ಗುವ ರಭಸಕ್ಕೆ ನಾಲಗೆ ಮೇಲೆ ಕೆಳಗೆ ಕಂಪಿಸಿ ಸ್ವರ ಹೊರಡುತ್ತದೆ. ಉದ್ದನೆಯ ನಾಲಗೆಯಿಂದ ಮಂದ್ರಸ್ವರವೂ ಗಿಡ್ಡನೆಯದರಿಂದ ತಾರಸ್ವರವೂ ಬರುತ್ತವೆ. ಒಳ್ಳೆಯ ಪೇಟಿಯಲ್ಲಿ ಒಂದೊಂದು ಮನೆಗೆ ಎರಡು ಅಥವಾ ಮೂರು ರೀಡುಗಳನ್ನು ಜೋಡಿಸಿರುತ್ತಾರೆ. ಖರ್ಜ, ನರ, ಮಾದಿ ಎಂಬ ಈ ಸಾಲುಗಳು ಒಂದಕ್ಕೊಂದು ಸ್ಥಾಯಿಯ ಅಂತರದಲ್ಲಿ ಕೂಡಿ ನುಡಿದಾಗಲೇ, ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಬಯಲಿನಲ್ಲಿ ಕುಳಿತ ಕೊನೆಯ ಸಾಲಿನವರೆಗೂ ತಲುಪುವ ಗಟ್ಟಿಧ್ವನಿ ಸಾಧ್ಯವಾಗುತ್ತಿತ್ತು.

ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೆಯ್ನ್ 1840ರ ದಶಕದ ಆರಂಭದಲ್ಲಿ ಹಾರ್ಮೋನಿಯಂ ಎಂಬ ಹೆಸರಿನಿಂದ ಹಕ್ಕುಪತ್ರ ಪಡೆದ ವಾದ್ಯವು ಕಾಲಿನಿಂದ ತುಳಿದು ನುಡಿಸುವ ದೊಡ್ಡ ಮೇಜಿನಂಥದಾಗಿತ್ತು. ಪಾದ್ರಿಗಳ ಮತ್ತು ಆಂಗ್ಲ ಅಧಿಕಾರಿಗಳ ಜೊತೆ ಭಾರತಕ್ಕೆ ಬಂದ ಅದನ್ನು, ಕಲ್ಕತ್ತೆಯ ದ್ವಾರ್ಕಿನ್ ಅಂಗಡಿಯ ದ್ವಾರಕಾನಾಥ ಘೋಷರು 19ನೆಯ ಶತಮಾನದ ಕೊನೆಯ ಭಾಗದಲ್ಲಿ, ನೆಲದ ಮೇಲೆ ಕುಳಿತು ಹಾಡುವವರಿಗೆ ಒಗ್ಗುವಂತೆ, ಹಿಂಬದಿಯಲ್ಲಿ ಕೈತಿದಿಯುಳ್ಳ ಪುಟ್ಟ ಪೆಟ್ಟಿಗೆಯಾಗಿ ಮಾರ್ಪಡಿಸಿದರು. ಆದರೂ ನಾಟಕ ಕಂಪನಿಗಳು ಕಾಲುಪೇಟಿಯನ್ನು ಬಹುಕಾಲ ಬಿಡಲಿಲ್ಲ, ಏಕೆಂದರೆ ಎರಡೂ ಕೈ ಮನೆಗಳ ಮೇಲಿದ್ದರೆ ನುಡಿಸಾಣಿಕೆಗೆ ತುಂಬು ಬರುತ್ತದೆ, ಗಾಳಿಯೂ ಕಡಿಯದೆ ಬರುತ್ತದೆ.

ಬಳ್ಳಾರಿಯಲ್ಲಿ ಈ ವಾದ್ಯ ನೆಲೆಯೂರಿದ್ದಕ್ಕೆ ಆ ಊರಿನ ರಂಗಭೂಮಿಯೇ ಕಾರಣ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದ್ರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲಿ ಧರ್ಮವರಂ ಕೃಷ್ಣಮಾಚಾರ್ಯರು ಸರಸವಿನೋದಿನಿ ಸಭೆಯನ್ನೂ ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನೂ ಕಟ್ಟಿ ಬೆಳೆಸಿದರು. ಅದೇ ನೆಲದಿಂದ ಬಳ್ಳಾರಿ ರಾಘವರಂಥ (1880–1946) ನಟರು ಮೇಲೆದ್ದರು. ತೆಲುಗು ಪದ್ಯನಾಟಕದ ಪದ್ಧತಿಯಲ್ಲಿ ನಟನು ಪದ್ಯದ ಕೊನೆಯ ಅಕ್ಷರವನ್ನು ಹಿಡಿದು ದೀರ್ಘವಾದ ರಾಗಾಲಾಪವನ್ನು ಮಾಡುತ್ತಾನೆ, ಆಗ ಪೇಟಿಯು ಅವನ ಉಸಿರಿಗೆ ಆಧಾರವಾಗಿ ನಿಂತು, ಅವನು ಉಸಿರು ತೆಗೆದುಕೊಳ್ಳುವ ತೆರಪನ್ನು ತಾನೇ ತುಂಬುತ್ತದೆ. ಇನ್ನೊಂದು ಕಡೆಯಿಂದ, ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಶಾಕುಂತಲ ನಾಟಕದಿಂದ ತೊಡಗಿದ ಮರಾಠಿ ಸಂಗೀತ ನಾಟಕದ ಅಲೆಯು ಉತ್ತರ ಕರ್ನಾಟಕದ ಕನ್ನಡ ಕಂಪನಿಗಳ ಮೂಲಕ ಹಬ್ಬಿತು. ಎರಡು ಭಾಷೆಗಳ ಎರಡು ರಂಗಪದ್ಧತಿಗಳು ಕೂಡುವ ಈ ಗಡಿಸೀಮೆಯಲ್ಲಿ, ಆದೋನಿಯ ದಾರಿಯಿಂದ ಬಂದ ಪದ್ಯಕ್ಕೂ ಧಾರವಾಡದ ಕಡೆಯಿಂದ ಬಂದ ರಂಗಗೀತೆಗೂ ಒಂದೇ ಪೇಟಿ ಸಾಕಾಗುತ್ತಿತ್ತೆಂಬುದು ಈ ಪ್ರದೇಶದ ಸಂಗೀತಚರಿತ್ರೆಯ ಅತ್ಯಂತ ಕುತೂಹಲಕರವಾದ ಅಂಶವಾಗಿದೆ. ಜೋಳದರಾಶಿ ದೊಡ್ಡನಗೌಡರಂಥ ನಟ-ಗಮಕಿ-ಕವಿಗಳು ಬೆಳೆದದ್ದು ಇಂಥ ಹದವಾದ ವಾತಾವರಣದಲ್ಲಿ.

ಪೇಟಿಯ ಮೇಲೆ ವಿದ್ವಾಂಸರ ಆಕ್ಷೇಪಣೆಯೂ ಇತ್ತು. ಸ್ವರಗಳು ಮೊದಲೇ ಸ್ಥಿರವಾಗಿರುವುದರಿಂದ ಮೀಂಡು, ಗಮಕ, ಸೂಕ್ಷ್ಮ ಶ್ರುತಿಗಳು ಇದರಲ್ಲಿ ಬಾರವೆಂಬ ಕಾರಣಕ್ಕೆ ಆಕಾಶವಾಣಿಯು 1940ರಿಂದ 1971ರವರೆಗೆ ಇದನ್ನು ದೂರವಿಟ್ಟಿತು, ರವೀಂದ್ರನಾಥ ಟ್ಯಾಗೋರರೂ ಆ ನಿಲುವನ್ನು ಬೆಂಬಲಿಸಿದ್ದರು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ, ಆದರೆ ರೇಡಿಯೋದ ಬಾಗಿಲು ಮುಚ್ಚಿದ ಆ ಮೂರು ದಶಕಗಳಲ್ಲಿಯೇ ಕಂಪನಿ ನಾಟಕಗಳೂ ಹಳ್ಳಿಯ ನಾಟಕಗಳೂ ಪೇಟಿಯನ್ನು ಸಾಕಿದವು ಎಂಬುದನ್ನು ಮರೆಯುವಂತಿಲ್ಲ.

ಹಳೆಯ ಪೇಟಿಯನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆ, ಅದರ ರೀಡು ಯಾವ ಊರಿನದು ಎಂಬುದು. ಪೆಟ್ಟಿಗೆಯನ್ನು ಇಲ್ಲಿಯೇ ಸಾಗುವಾನಿಯಲ್ಲಿ ಮಾಡಿದರೂ ರೀಡುಗಳು ಬಹುಕಾಲ ಯುರೋಪಿನಿಂದಲೇ ಬರುತ್ತಿದ್ದವು. ಪ್ಯಾರಿಸಿನ ಕಾಸ್ರಿಯೆಲ್, ಜರ್ಮನಿಯ ಜುಬಿಲೇಟ್ ಎಂಬ ಹೆಸರುಗಳನ್ನು ವಾದಕರು ಇಂದಿಗೂ ಗೌರವದಿಂದ ಹೇಳುತ್ತಾರೆ. ಎರಡನೆಯ ಮಹಾಯುದ್ಧದಿಂದಲೂ ಸ್ವಾತಂತ್ರ್ಯಾನಂತರದ ಆಮದು ನಿರ್ಬಂಧದಿಂದಲೂ ಆ ಪೂರೈಕೆ ಕುಗ್ಗಿದ ಮೇಲೆ ಗುಜರಾತಿನ ಪಾಲಿತಾಣಾದ ರೀಡುಗಳು ಆ ಸ್ಥಾನವನ್ನು ತುಂಬಿದವು. ಪಾಲಿತಾಣಾದ ಕುಶಲಕರ್ಮಿಗಳ ಕೆಲಸ ಕೀಳೆಂದು ಇದರ ಅರ್ಥವಲ್ಲ, ಇಂದು ದೇಶದ ಉತ್ತಮ ಪೇಟಿಗಳು ಅವರ ಕೈಯಿಂದಲೇ ಸ್ವರ ಪಡೆಯುತ್ತವೆ. ಆದರೆ ಹಳೆಯ ಯುರೋಪಿನ ರೀಡು ಮತ್ತೆ ತಯಾರಾಗುವಂಥದಲ್ಲವಾದ್ದರಿಂದ, ಉಳಿದಿರುವ ಒಂದೊಂದೂ ಅಮೂಲ್ಯ.

ಇಲ್ಲಿ ಜಪಾನಿನ ಕಥೆಯನ್ನು ಹೇಳಲೇಬೇಕಾಗುತ್ತದೆ, ಏಕೆಂದರೆ ಆ ದೇಶದ ಗಿಟಾರ್ ಉದ್ಯಮದ ಬೇರುಗಳಲ್ಲಿ ಒಂದು ಈ ಗಾಳಿ-ರೀಡಿನ ವಾದ್ಯದಲ್ಲಿಯೇ ಇದೆ. ಹಮಾಮತ್ಸು ಪಟ್ಟಣದ ಶಾಲೆಯೊಂದರಲ್ಲಿ ಕೆಟ್ಟುಹೋಗಿದ್ದ ವಿದೇಶೀ ರೀಡ್ ಆರ್ಗನ್ನನ್ನು 1887ರಲ್ಲಿ ದುರಸ್ತಿ ಮಾಡಿದ ಯಮಾಹಾ ತೊರಾಕುಸು, ಅದನ್ನು ನೋಡಿಯೇ ತಾನೊಂದು ಆರ್ಗನ್ ಕಟ್ಟಿ, ಮುಂದೆ ಜಗತ್ಪ್ರಸಿದ್ಧವಾದ ಸಂಸ್ಥೆಯನ್ನು ಸ್ಥಾಪಿಸಿದನು. ಆತನ ಬಳಿ ಕೆಲಸ ಕಲಿತ ಕವಾಯ್ ಕೊಯಿಚಿ 1927ರಲ್ಲಿ ತನ್ನದೇ ಕಾರ್ಖಾನೆ ತೆರೆದನು. 1912ರಲ್ಲಿ ನಗೋಯಾದಲ್ಲಿ ಹುಟ್ಟಿದ, ಗುಂಡಿ ಒತ್ತಿ ತಂತಿ ಮೀಟುವ ತೈಶೋಗೊತೊ ಎಂಬ ವಾದ್ಯವು ಭಾರತಕ್ಕೆ ಬಂದು ಬುಲ್‌ಬುಲ್ ತರಂಗವಾಯಿತು. ಯುದ್ಧಾನಂತರ, 1946ರಲ್ಲಿ, ಟೋಕಿಯೋದಲ್ಲಿ ಆರಂಭವಾದ ಟೀಸ್ಕೊ ಸಂಸ್ಥೆ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಮಾಡತೊಡಗಿತು. 1965ರಲ್ಲಿ ಅಮೆರಿಕದ ವೆಂಚರ್ಸ್ ತಂಡದ ಪ್ರವಾಸದ ನಂತರ ಜಪಾನಿನ ತರುಣರಲ್ಲಿ ಗಿಟಾರಿನ ಹುಚ್ಚೇ ಹಬ್ಬಿ, ಹಲವು ಕಾರ್ಖಾನೆಗಳು ಎದ್ದವು, ಅಷ್ಟೇ ಬೇಗ ಬಿದ್ದವು, ಮತ್ತು ಟೀಸ್ಕೊ 1967ರಲ್ಲಿ ಕವಾಯ್ ಸಂಸ್ಥೆಯ ಪಾಲಾಯಿತು. ಮತ್ಸುಮೊಟೊ ಪಟ್ಟಣದಲ್ಲಿ ಹೊಲಿಗೆ ಯಂತ್ರದ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದ ಮತ್ಸುಮೊಕು ಮತ್ತು 1960ರಲ್ಲಿ ಸ್ಥಾಪನೆಯಾದ ಫುಜಿಗೆನ್ ಗಿಟಾರ್ ತಯಾರಿಕೆಯಲ್ಲಿ ಹೆಸರಾದವು. 1970ರ ದಶಕದ ಜಪಾನೀ ನಕಲುಗಳು ಎಷ್ಟು ಚೆನ್ನಾಗಿದ್ದವೆಂದರೆ, ಅಮೆರಿಕದ ಗಿಬ್ಸನ್ ಗಿಟಾರ್ ಕಂಪನಿಯ ಒಡೆತನ ಹೊಂದಿದ್ದ ಸಂಸ್ಥೆ 1977ರಲ್ಲಿ ಐಬಾನೆಜ್ ಗಿಟಾರ್‌ಗಳ ಅಮೆರಿಕದ ವಿತರಕರ ಮೇಲೆ, ಗಿಟಾರಿನ ತಲೆಯ ಆಕಾರದ ವಿಷಯವಾಗಿ ದಾವೆ ಹೂಡಿತು. 1982ರಲ್ಲಿ ಫೆಂಡರ್ ಸಂಸ್ಥೆಯೇ ಜಪಾನಿನಲ್ಲಿ ಪಾಲುದಾರಿಕೆ ಮಾಡಿಕೊಂಡು ಅಲ್ಲಿಂದಲೇ ಗಿಟಾರ್ ಮಾಡಿಸಿತು. ಒಂದು ಕಾಲಕ್ಕೆ ಅಗ್ಗದ ಸರಕೆಂದು ಮಾರಾಟವಾದ ಟೀಸ್ಕೊದ ಗಿಟಾರ್‌ಗಳನ್ನು ಇಂದು ಸಂಗ್ರಾಹಕರು ಹುಡುಕುವುದು ಅವುಗಳ ಪಿಕಪ್ಪಿಗಾಗಿ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಸುರುಳಿಗಾಗಿ. ಚಿನ್ನದ ಬಣ್ಣದ ತಗಡಿನ ಮುಚ್ಚಳವುಳ್ಳ ಆ ಪಿಕಪ್ಪನ್ನು ಬದಲಿಸಿಬಿಟ್ಟರೆ ಗಿಟಾರಿನ ಮೌಲ್ಯವೇ ಇಳಿಯುತ್ತದೆ. ಪೇಟಿಗೆ ರೀಡು ಹೇಗೋ ಗಿಟಾರಿಗೆ ಪಿಕಪ್ಪು ಹಾಗೆ ಎಂಬುದನ್ನು ಅರಿತರೆ, ಬಳ್ಳಾರಿಯ ಸಂಗ್ರಾಹಕನಿಗೆ ಜಪಾನಿನಿಂದ ಕಲಿಯಬೇಕಾದ ಮುಖ್ಯ ಪಾಠ ಸಿಕ್ಕಂತೆಯೇ.

ಅದೇ ಜಪಾನು ಬಳ್ಳಾರಿಯ ಪೇಟಿಗಳನ್ನು ಅಟ್ಟಕ್ಕೆ ಏರಿಸಿತೆಂಬುದೂ ನಿಜ. ಕ್ಯಾಸಿಯೊ ಸಂಸ್ಥೆ 1980ರಲ್ಲಿ ತನ್ನ ಮೊದಲ ಎಲೆಕ್ಟ್ರಾನಿಕ್ ಕೀಬೋರ್ಡನ್ನು ಮಾರುಕಟ್ಟೆಗೆ ತಂದ ಮೇಲೆ, ಕಾಲಕ್ರಮದಲ್ಲಿ ಹಳ್ಳಿಯ ನಾಟಕಗಳಿಗೂ ಕೀಬೋರ್ಡು ಮತ್ತು ರಿದಂ ಪ್ಯಾಡು ಬಾಡಿಗೆಗೆ ಬರತೊಡಗಿದವು. ಯಾವ ಸಂಸ್ಥೆಯ ಕೀಬೋರ್ಡಾದರೂ ಅದಕ್ಕೆ ಕ್ಯಾಸಿಯೊ ಎಂದೇ ಹೆಸರು. ತಿದಿ ಒತ್ತುವ ಶ್ರಮವಿಲ್ಲದ, ಗುಂಡಿ ಒತ್ತಿದರೆ ಶ್ರುತಿ ಬದಲಾಗುವ ವಾದ್ಯವನ್ನು ಕಲಾವಿದರು ಒಪ್ಪಿಕೊಂಡದ್ದು ಸಹಜ. ಆದರೆ ಬಳಕೆಯಿಂದ ತಪ್ಪಿದ ಪೇಟಿ ಬೇಗ ಹಾಳಾಗುತ್ತದೆ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟಿದಾಗ ಮರ ಒಣಗಿ ಕುಗ್ಗಿ ಗಾಳಿಪೆಟ್ಟಿಗೆಯಲ್ಲಿ ಬಿರುಕು ಬಿಡುತ್ತದೆ. ಗದ್ದೆ ಸೀಮೆಯ ಮಳೆಗಾಲದ ತೇವಕ್ಕೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ. ತಿದಿಯ ತೊಗಲನ್ನು ಇಲಿ ಕಡಿಯುತ್ತದೆ. ಎರೆಮಣ್ಣಿನ ಸಣ್ಣ ಧೂಳು ರಂಧ್ರದ ಮುಚ್ಚಳದ ಕೆಳಗೆ ಸೇರಿ, ಮನೆ ಒತ್ತದಿದ್ದರೂ ಸ್ವರವೊಂದು ತಾನಾಗಿ ಕೂಗುತ್ತಿರುತ್ತದೆ.

ಇಂಥ ಪೇಟಿ ಕೈಗೆ ಸಿಕ್ಕಾಗ ಸಂಗ್ರಾಹಕನು ಮೊದಲು ಮನೆಗಳ ಹಲಗೆಯನ್ನು ಮೆಲ್ಲಗೆ ಎತ್ತಿ ಒಳಗೆ ನೋಡಬೇಕು. ರೀಡು ಪಟ್ಟಿಗಳ ಮೇಲೆ ಒತ್ತಿದ ಅಕ್ಷರ ಅಥವಾ ಅಂಕಿ, ತಿರುಪುಮೊಳೆಗಳು ಒಂದೇ ಬಗೆಯವೋ ಬೇರೆಬೇರೆಯವೋ ಎಂಬುದು, ಒಳಮೈಗೆ ಅಂಟಿಸಿದ ಅಂಗಡಿಯ ಚೀಟಿ ಇವೆಲ್ಲ ಅದರ ಹುಟ್ಟನ್ನು ಹೇಳುತ್ತವೆ. ಪಟ್ಟಿಗಳನ್ನು ತಿರುಪಿನಿಂದ ಬಿಗಿದಿರುವುದು ಫ್ರೆಂಚ್ ಪದ್ಧತಿ. ಗೂಡಿನೊಳಗೆ ಜಾರಿಸಿ ಕೂರಿಸಿದ್ದು, ಕೊಕ್ಕೆ ಹಾಕಿ ಎಳೆದರೆ ಹೊರಬರುವಂಥದು ಅಮೆರಿಕದ ಆರ್ಗನ್ನಿನ ಪದ್ಧತಿ. ಒಂದೆರಡು ಪಟ್ಟಿಗಳು ಮಾತ್ರ ಹೊಳಪಾಗಿದ್ದರೆ ಅವು ತರುವಾಯ ಹಾಕಿದವು.

ಎಲ್ಲಕ್ಕಿಂತ ಹೆಚ್ಚಿನ ಹಾನಿ ಆಗುವುದು ಶ್ರುತಿ ತಿದ್ದುವಾಗ. ನಾಲಗೆಯ ಬಿಡಿ ತುದಿಯಲ್ಲಿ ಲೋಹವನ್ನು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎರಡರಲ್ಲೂ ಲೋಹ ಸವೆಯುವುದೇ ಹೊರತು ಮರಳಿ ಬರುವುದಿಲ್ಲ. ಫ್ರಾನ್ಸಿನಲ್ಲಿ 1859ರ ಕಾನೂನಿನಂತೆ ‘ಎ’ ಎಂಬ ಸ್ವರಕ್ಕೆ ಸೆಕೆಂಡಿಗೆ 435 ಕಂಪನಗಳ ಮಾನವನ್ನು ಗೊತ್ತುಪಡಿಸಲಾಗಿತ್ತು, ಇಂದು ಜಗತ್ತಿನಲ್ಲಿ ರೂಢಿಯಲ್ಲಿರುವುದು 440. ಅಂತರವು ಅರ್ಧ ಸ್ವರದ ಐದನೆಯ ಒಂದು ಭಾಗದಷ್ಟು ಮಾತ್ರ. ಆದರೆ ಹಳೆಯ ಪ್ಯಾರಿಸ್ ರೀಡಿನ ಪೇಟಿ ಕೀಬೋರ್ಡಿನ ಜೊತೆ ಕೂಡುವುದಿಲ್ಲವೆಂದು ಎಲ್ಲ ರೀಡುಗಳ ತುದಿಗಳನ್ನೂ ಕೆರೆಸಿಬಿಟ್ಟರೆ, ಆ ಕಾಲದ ಶ್ರುತಿಯ ಸಾಕ್ಷ್ಯವೂ ಆ ನಾಲಗೆಯ ಆಯುಷ್ಯವೂ ಒಟ್ಟಿಗೆ ಹೋಗುತ್ತವೆ. ಕಚೇರಿಗೆ ಬೇಕಾದರೆ ಹೊಸ ಪೇಟಿ ಕೊಳ್ಳುವುದು ಲೇಸು. ಹಳೆಯದನ್ನು ಅದರ ಶ್ರುತಿಯಲ್ಲಿಯೇ ಇರಗೊಡಬೇಕು, ವಾರಕ್ಕೊಮ್ಮೆಯಾದರೂ ತಿದಿ ಆಡಿಸಿ ಎಲ್ಲ ಮನೆಗಳನ್ನೂ ನುಡಿಸಬೇಕು, ಏಕೆಂದರೆ ಆಡುವ ತೊಗಲು ಬಿರಿಯುವುದಿಲ್ಲ, ಕಂಪಿಸುವ ನಾಲಗೆಯ ಮೇಲೆ ಧೂಳು ಕೂರುವುದಿಲ್ಲ.

ಕಾನೂನಿನ ಮಾತೂ ಇದೆ. ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ; ಮನೆಗಳಿಗೆ ದಂತದ ಹೊದಿಕೆಯಿದ್ದರೆ ವನ್ಯಜೀವಿ ಕಾಯ್ದೆಯಂತೆ ಅದರ ಮಾರಾಟ ನಿಷಿದ್ಧ.

ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಜನಪದ ವಾದ್ಯಗಳಿಗೆ, ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯದಲ್ಲಿ ದೇಶದ ನಾನಾ ವಾದ್ಯಗಳಿಗೆ ನೆಲೆ ಸಿಕ್ಕಿದೆ. ಆದರೆ ನಾಟಕದ ಪೇಟಿಯ ಅರ್ಥ ಅದು ನುಡಿದ ಊರಿನಲ್ಲಿಯೇ ಹೆಚ್ಚು ಸ್ಪಷ್ಟವಾಗುತ್ತದೆ. ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆದ ನಾಟಕ ಸಂಘದ ಹೆಸರು, ‘ಕರಿ ಒಂದು’, ‘ಬಿಳಿ ಎರಡು’ ಎಂದು ಹಾಡುಗಾರರ ಶ್ರುತಿಯನ್ನು ಗುರುತಿಸಲು ಮಾಸ್ತರರು ಮನೆಗಳ ಬದಿಗೆ ಹಾಕಿದ ಗೀರು, ಹಿಂದಿನ ದುರಸ್ತಿಗಾರನು ಒಳಗೆ ಪೆನ್ಸಿಲ್ಲಿನಿಂದ ಬರೆದ ತಾರೀಖು ಇವುಗಳನ್ನು ಉಜ್ಜಿ ಪಾಲಿಶ್ ಮಾಡಿಸುವುದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ಆದ್ದರಿಂದ ದುರಸ್ತಿಗೆ ಕೊಡುವ ಮೊದಲೇ ಪೇಟಿಯ ಒಳಹೊರಗನ್ನು ಚಿತ್ರ ತೆಗೆದು, ಒಂದೊಂದು ಮನೆಯ ಸ್ವರವನ್ನೂ ಇದ್ದ ಸ್ಥಿತಿಯಲ್ಲಿಯೇ ಧ್ವನಿಮುದ್ರಿಸಿ, ಅದು ಯಾವ ಊರಿನಲ್ಲಿ, ಯಾವ ನಾಟಕಗಳಿಗೆ, ಯಾರ ಕೈಯಲ್ಲಿ ನುಡಿಯಿತೆಂಬುದನ್ನು ಬಲ್ಲ ಹಿರಿಯರಿರುವಾಗಲೇ ಅವರ ಮಾತಿನಲ್ಲಿ ಬರೆದುಕೊಂಡು ಪೇಟಿಯ ಜೊತೆಗೇ ಇಡುವುದು ಸಂಗ್ರಾಹಕನ ಮೊದಲ ಕೆಲಸವಾಗಬೇಕು. ಬಿಚ್ಚಿ ತೆಗೆದ ಹಳೆಯ ರೀಡು ಮುರಿದಿದ್ದರೂ ಅದನ್ನು ಮನೆಯ ಅಂಕಿ ಬರೆದ ಚೀಟಿಯೊಂದಿಗೆ ಕಾಗದದಲ್ಲಿ ಸುತ್ತಿ ಅದೇ ಪೆಟ್ಟಿಗೆಯೊಳಗೆ ಇರಿಸಬೇಕು.