ದೀಪ ಹೊತ್ತಿದ ಮಾತ್ರಕ್ಕೆ ಕಂಪ್ಯೂಟರ್ ಕೆಟ್ಟಿತೆನ್ನಬೇಡಿ: ಹಳೆಯ ಪಿಕಪ್‌ನ ದೋಷ ಹುಡುಕುವ ಕ್ರಮ

ತಾಳವಾಡಿಯ ಕೋಸು, ಜತ್ತದ ದಾಳಿಂಬೆ, ಕಾಸರಗೋಡಿನ ಅಡಕೆಯನ್ನು ಹೊತ್ತು ಮಾರುಕಟ್ಟೆಗೆ ಸಾಗುವ ಪಿಕಪ್‌ಗಳಲ್ಲಿ ಎರಡನೆಯ, ಮೂರನೆಯ ಕೈಗೆ ಬಂದವು ಅನೇಕ. ಸಾಲದ ಕಂತು, ಮನೆಯ ದಿನಸಿ, ಮಕ್ಕಳ ಶಾಲೆಯ ಖರ್ಚು ಎಲ್ಲವೂ ಆ ಗಾಡಿಯ ಓಟವನ್ನೇ ನಂಬಿರುತ್ತವೆ. ಒಂದು ಮುಂಜಾನೆ ಅದು ಸ್ಟಾರ್ಟ್ ಆಗದೆ ನಿಂತರೆ, ಅಥವಾ ದಿಂಬಂ ಘಟ್ಟದ 27 ತಿರುವುಗಳನ್ನು ಏರುವಾಗ ಎಳೆತ ಕಳೆದುಕೊಂಡರೆ, ‘ಕಂಪ್ಯೂಟರ್ ಹೋಗಿದೆ’ ಎಂಬ ಮಾತು ಬೇಗನೆ ಕಿವಿಗೆ ಬೀಳುತ್ತದೆ. ಪರೀಕ್ಷಿಸದೆ ಆ ಮಾತನ್ನು ಒಪ್ಪಿದರೆ ಮನೆಯ ಉಳಿತಾಯವೇ ಕರಗಬಹುದು. ಇಂಥ ಗಾಡಿಯಲ್ಲಿ ಕಂಪ್ಯೂಟರ್ ಕಟ್ಟಕಡೆಗೆ ಸಂಶಯಿಸಬೇಕಾದ ಭಾಗ. ಅದಕ್ಕೂ ಮೊದಲು ನೋಡಬೇಕಾದ ಸುಲಭದ, ಕಡಿಮೆ ಖರ್ಚಿನ ಸಂಗತಿಗಳು ಹಲವಿವೆ. ಅವುಗಳ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ.

ಕಂಪ್ಯೂಟರ್ ಮಾಡುವ ಕೆಲಸವೇನು?

ಹಿಂದಿನ ಡೀಸೆಲ್ ಗಾಡಿಗಳಲ್ಲಿ ಪಂಪು ಸಂಪೂರ್ಣ ಯಾಂತ್ರಿಕವಾಗಿತ್ತು. ಡೀಸೆಲ್, ಗಾಳಿ ಮತ್ತು ಒತ್ತಡ ಸರಿಯಿದ್ದರೆ ಎಂಜಿನ್ ಓಡುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದಂತೆ ‘ಕಾಮನ್ ರೇಲ್’ ಎಂಜಿನ್‌ಗಳು ಬಂದವು. ಬಿಎಸ್-4 ನಿಯಮ 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಅನ್ವಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಿತು. ಆ ನಡುವಿನ ಮತ್ತು ಅದಕ್ಕೂ ಕೆಲವು ವರ್ಷ ಹಿಂದಿನ ಪಿಕಪ್‌ಗಳೇ ಇಂದು ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ.

ಕಾಮನ್ ರೇಲ್ ಎಂಜಿನ್‌ನಲ್ಲಿ ಪಂಪು ಡೀಸೆಲನ್ನು ದಪ್ಪ ಉಕ್ಕಿನ ಕೊಳವೆಯೊಂದರೊಳಗೆ ಭಾರೀ ಒತ್ತಡದಲ್ಲಿ ತುಂಬುತ್ತದೆ. ಎಂಜಿನ್ ನಿಂತಲ್ಲೇ ಓಡುವಾಗ ಅದು ಕೆಲವು ನೂರು ಬಾರ್. ಲೋಡ್ ಎಳೆಯುವಾಗ ಸಾವಿರ ಬಾರ್‌ಗೂ ಮೀರುತ್ತದೆ. ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ಎಷ್ಟು ಹೊತ್ತು ತೆರೆಯಬೇಕೆಂದು ನಿರ್ಧರಿಸುವುದು ಕಂಪ್ಯೂಟರ್, ಅಂದರೆ ಇಸಿಎಂ. ಎಂಜಿನ್‌ನ ವೇಗ, ಬಿಸಿ, ಗಾಳಿಯ ಪ್ರಮಾಣ, ಡೀಸೆಲ್‌ನ ಒತ್ತಡ ಇವನ್ನೆಲ್ಲ ಸೆನ್ಸರ್‌ಗಳು ಅದಕ್ಕೆ ತಿಳಿಸುತ್ತವೆ. ಸೆನ್ಸರ್ ಸುಳ್ಳು ಹೇಳಿದರೆ ಅಥವಾ ವೈರು ತುಂಡಾದರೆ ಇಸಿಎಂ ಆರೋಗ್ಯವಾಗಿದ್ದರೂ ತಪ್ಪು ತೀರ್ಮಾನಕ್ಕೆ ಬರುತ್ತದೆ.

ಮೊದಲು ಕೀಲಿ, ಬ್ಯಾಟರಿ ಮತ್ತು ಅರ್ತ್

ಕೀಲಿ ತಿರುಗಿಸಿದಾಗ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿ, ಸ್ಟಾರ್ಟ್ ಆದ ಬಳಿಕ ಆರಬೇಕು. ದೀಪ ಹೊತ್ತುವುದೇ ಇಲ್ಲವಾದರೆ ಒಂದೋ ಬಲ್ಬು ಹೋಗಿದೆ ಅಥವಾ ಯಾರೋ ಕಿತ್ತಿದ್ದಾರೆ, ಇಲ್ಲವೇ ಇಸಿಎಂಗೆ ಕರೆಂಟು ತಲುಪುತ್ತಿಲ್ಲ. ಕರೆಂಟು ತಲುಪದಿದ್ದಾಗ ಇಸಿಎಂ ಬದಲಿಸುವುದರಿಂದ ಏನೂ ಆಗದು. ಫ್ಯೂಸ್ ಮತ್ತು ಮುಖ್ಯ ರಿಲೇಯನ್ನು ನೋಡಬೇಕು.

ಬಳಿಕ ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಸುಮಾರು 12.4ರಿಂದ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ಆಸುಪಾಸಿನಲ್ಲಿರಬೇಕು. ಮುಂದಿನ ಪರೀಕ್ಷೆಯನ್ನು ಹಲವರು ಮರೆಯುತ್ತಾರೆ: ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್‌ನ ಬರಿ ಲೋಹಕ್ಕೂ ಇಟ್ಟು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ವೈರಿನ ಜೋಡಣೆ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ. ಕಾಸರಗೋಡಿನಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಅರ್ತ್ ಕೆಟ್ಟರೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳು ಒಟ್ಟಿಗೇ ಕಾಣಿಸಿಕೊಳ್ಳಬಹುದು. ಉಜ್ಜುಕಾಗದ ಮತ್ತು ಸ್ಪ್ಯಾನರಿನಿಂದಲೇ ಅದನ್ನು ಸರಿಪಡಿಸಬಹುದು.

ಕೋಡು ತೀರ್ಪಲ್ಲ, ದೂರು

ಚಾಲಕನ ಬದಿಯ ಡ್ಯಾಶ್‌ಬೋರ್ಡ್ ಅಡಿಯಲ್ಲಿ ಸಾಮಾನ್ಯವಾಗಿ 16 ಪಿನ್ನುಗಳ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಜೋಡಿಸಿದರೆ ಇಸಿಎಂ ತನ್ನ ದೂರುಗಳನ್ನು ಕೋಡುಗಳಾಗಿ ಹೇಳುತ್ತದೆ. ಮೊಬೈಲಿಗೆ ಜೋಡಿಸುವ ಅಗ್ಗದ ಸಾಧನಗಳು ಹಳೆಯ ಎಲ್ಲ ಪಿಕಪ್‌ಗಳಿಗೂ ಹೊಂದುವುದಿಲ್ಲ. ಆಗ ಗ್ಯಾರೇಜಿನ ಸ್ಕ್ಯಾನರ್ ಬೇಕು. ಕೋಡುಗಳನ್ನು ಅಳಿಸುವ ಮೊದಲು ಬರೆದುಕೊಳ್ಳಲೇಬೇಕು. ಅಳಿಸಿದರೆ ದೋಷ ಹೋಗದು, ಸಾಕ್ಷ್ಯ ಮಾತ್ರ ಹೋಗುತ್ತದೆ.

ಪಿ 0087 ಎಂಬ ಕೋಡನ್ನು ಉದಾಹರಣೆಯಾಗಿ ನೋಡೋಣ. ಡೀಸೆಲ್ ಒತ್ತಡ ಇರಬೇಕಾದುದಕ್ಕಿಂತ ಕಡಿಮೆಯಿದೆ ಎಂಬುದು ಅದರ ಅರ್ಥ. ಪಂಪು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಟ್ಯಾಂಕಿನಿಂದ ಇಂಜೆಕ್ಟರ್‌ವರೆಗಿನ ದಾರಿಯಲ್ಲಿ ಎಲ್ಲಾದರೂ ತೊಂದರೆಯಿರಬಹುದು. ಅಗ್ಗದ ಕಡೆಯಿಂದಲೇ ಹೊರಡಬೇಕು: ಡೀಸೆಲ್ ಫಿಲ್ಟರ್ ಕಟ್ಟಿದೆಯೆ? ಅದರ ತಳದಲ್ಲಿ ನೀರು ನಿಂತಿದೆಯೆ? ಪೈಪಿನ ಜೋಡಣೆಯಲ್ಲಿ ಗಾಳಿ ಹಿಡಿಯುತ್ತಿದೆಯೆ? ಇವು ಸರಿಯಿದ್ದರೆ ಇಂಜೆಕ್ಟರ್‌ಗಳ ರಿಟರ್ನ್ ಪೈಪುಗಳಿಗೆ ಒಂದೇ ಅಳತೆಯ ಬಾಟಲಿಗಳನ್ನು ಕಟ್ಟಿ ಎಂಜಿನ್ ಓಡಿಸುವಂತೆ ಮೆಕ್ಯಾನಿಕ್‌ಗೆ ಹೇಳಬಹುದು. ಒಂದು ಬಾಟಲಿ ಉಳಿದವಕ್ಕಿಂತ ಬಹಳ ಬೇಗ ತುಂಬಿದರೆ ಒತ್ತಡ ಸೋರುತ್ತಿರುವುದು ಆ ಇಂಜೆಕ್ಟರ್‌ನಲ್ಲಿ. ಪಂಪಿನ ಸರದಿ ಇದಾದ ಮೇಲೆ.

ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯದಿದ್ದಾಗ ಸ್ಕ್ಯಾನರಿನಲ್ಲಿ ಎರಡು ಅಂಕಿಗಳನ್ನು ನೋಡಬೇಕು. ಎಂಜಿನ್ ಸುತ್ತುತ್ತಿದ್ದರೂ ವೇಗ ಸೊನ್ನೆಯೆಂದು ಬಂದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿನ ದೋಷ. ಪಿ 0335 ಕೋಡು ಇದನ್ನೇ ಸೂಚಿಸುತ್ತದೆ. ವೇಗ ಸರಿಯಿದ್ದು ರೇಲ್ ಒತ್ತಡ ಏರದಿದ್ದರೆ ಡೀಸೆಲ್ ದಾರಿಯನ್ನು ಹಿಡಿಯಬೇಕು. ಈ ಬಗೆಯ ಎಂಜಿನ್‌ಗಳಿಗೆ ಸ್ಟಾರ್ಟ್ ಆಗಲು ಸಾಮಾನ್ಯವಾಗಿ 150ರಿಂದ 200 ಬಾರ್‌ನಷ್ಟಾದರೂ ಒತ್ತಡ ಬೇಕು.

ಘಟ್ಟದಲ್ಲಿ ಎಳೆತ ಕಡಿಮೆಯಾಗಿ ಪಿ 0299 ಬಂದರೆ ಟರ್ಬೊ ಗಾಳಿಯ ಒತ್ತಡ ಸಾಲದೆಂದರ್ಥ. ಟರ್ಬೊ ಬಿಚ್ಚುವ ಮೊದಲು ಏರ್ ಫಿಲ್ಟರನ್ನೂ ಬಿರುಕು ಬಿಟ್ಟ ಗಾಳಿಯ ಪೈಪನ್ನೂ ನೋಡಿ. ಹೊಗೆಯ ಬಣ್ಣವೂ ಮಾತಾಡುತ್ತದೆ. ಕಪ್ಪು ಹೊಗೆಯೆಂದರೆ ಡೀಸೆಲಿಗೆ ತಕ್ಕಷ್ಟು ಗಾಳಿಯಿಲ್ಲ. ನೀಲಿಯೆಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯೆಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ಕೂಲೆಂಟ್ ಒಳಸೇರುತ್ತಿದೆ.

ಅಸಾಧ್ಯವಾದ ಅಂಕಿ ವೈರಿನ ಸುಳಿವು. ರಾಯದುರ್ಗದ ಬೇಸಿಗೆಯಲ್ಲಿ ಕೂಲೆಂಟ್ ಬಿಸಿ ಮೈನಸ್ 40 ಡಿಗ್ರಿಯೆಂದು ಬಂದರೆ ಸೆನ್ಸರಿನ ವೈರು ಕಡಿದಿದೆ ಅಥವಾ ಕಪ್ಲರ್ ಕಳಚಿದೆ. ಹಲವು ಸೆನ್ಸರ್‌ಗಳ ಕೋಡು ಒಮ್ಮೆಲೇ ಬಂದರೆ ಅವೆಲ್ಲವೂ ಒಟ್ಟಿಗೆ ಕೆಟ್ಟಿವೆಯೆಂದು ತಿಳಿಯಬಾರದು. ಇಸಿಎಂ ಕಳುಹಿಸುವ 5 ವೋಲ್ಟನ್ನು ಕೆಲವು ಸೆನ್ಸರ್‌ಗಳು ಹಂಚಿಕೊಳ್ಳುತ್ತವೆ. ಒಂದು ಶಾರ್ಟ್ ಆದರೆ ಉಳಿದವೂ ಕುಸಿಯುತ್ತವೆ. ಒಂದೊಂದಾಗಿ ಕಪ್ಲರ್ ಕಳಚುತ್ತ ಹೋದಾಗ ಯಾವುದನ್ನು ತೆಗೆದಾಗ 5 ವೋಲ್ಟ್ ಮರಳುತ್ತದೋ ಅಲ್ಲಿಯೇ ದೋಷವಿದೆ.

ಮಾಡಬಾರದ ಕೆಲಸಗಳು

ಎಂಜಿನ್ ಓಡುತ್ತಿರುವಾಗ ಒತ್ತಡದ ಉಕ್ಕಿನ ಪೈಪನ್ನು ಸಡಿಲಿಸಬಾರದು. ಆ ಡೀಸೆಲ್ ಧಾರೆ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಡೈನಮೊ ಪರೀಕ್ಷಿಸಲು ಓಡುವ ಗಾಡಿಯ ಬ್ಯಾಟರಿ ಟರ್ಮಿನಲ್ ಕಳಚುವ ಹಳೆಯ ರೂಢಿಯನ್ನು ಬಿಡಬೇಕು. ಆಗ ಏಳುವ ವೋಲ್ಟೇಜ್ ಇಸಿಎಂ ಸುಡಬಲ್ಲದು. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಸಂಪರ್ಕ ತೆಗೆದಿರಬೇಕು. ಇಸಿಎಂ ಮೇಲೆ ನೀರು ಹೊಡೆದು ತೊಳೆಯಬಾರದು.

ಇಷ್ಟೆಲ್ಲ ನೋಡಿದ ಮೇಲೂ ಇಸಿಎಂಗೆ ಕರೆಂಟು, ಅರ್ತ್, ಸೆನ್ಸರ್ ಸೂಚನೆಗಳು ಸರಿಯಾಗಿ ತಲುಪಿ ಅದು ಕೆಲಸ ಮಾಡದಿದ್ದರೆ ಮಾತ್ರ ಅದರ ಮೇಲೆ ಸಂಶಯಪಡಬಹುದು. ಆಗಲೂ ಬೇರೆ ಗಾಡಿಯ ಇಸಿಎಂ ತಂದು ಕೂರಿಸಿದರೆ ಸಾಲದು. ಅನೇಕ ಮಾದರಿಗಳಲ್ಲಿ ಕೀಲಿಯ ಗುರುತನ್ನೂ ಇಂಜೆಕ್ಟರ್‌ಗಳ ಸಂಖ್ಯೆಗಳನ್ನೂ ಅದಕ್ಕೆ ಹೊಸದಾಗಿ ದಾಖಲಿಸಬೇಕು.

ಮನೆಯಲ್ಲೊಂದು ನೋಟ್‌ಬುಕ್

ಗಡಿಯ ಈಚೆ ನಮ್ಮ ಗಾಡಿ ನೋಡುವ ಮೆಕ್ಯಾನಿಕ್ ತಮಿಳಿನಲ್ಲಿಯೋ ಮಲಯಾಳ, ಮರಾಠಿ, ತೆಲುಗಿನಲ್ಲಿಯೋ ಮಾತನಾಡಬಹುದು. ಸ್ಕ್ಯಾನರ್ ಇಂಗ್ಲಿಷಿನಲ್ಲಿ ಬರೆಯುತ್ತದೆ. ಆದರೆ ಕೋಡಿನ ಸಂಖ್ಯೆ ಎಲ್ಲರಿಗೂ ಒಂದೇ. ತೊಂದರೆ ಬಂದದ್ದು ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಖಾಲಿಯಿದ್ದಾಗಲೋ ಲೋಡಿನಲ್ಲೋ, ಕೋಡು ಯಾವುದು, ವೋಲ್ಟ್ ಎಷ್ಟು, ಬದಲಿಸಿದ್ದೇನು, ಕೊಟ್ಟದ್ದೆಷ್ಟು ಎಂಬುದನ್ನು ದಿನಾಂಕದೊಂದಿಗೆ ಕನ್ನಡದಲ್ಲಿ ಬರೆದಿಡಿ. ಪ್ರೌಢಶಾಲೆಯಲ್ಲಿ ವೋಲ್ಟ್, ರೋಧ, ಓಮನ ನಿಯಮ ಓದುವ ಮಗನಿಗೋ ಮಗಳಿಗೋ ಈ ಪುಸ್ತಕದ ಹೊಣೆ ಒಪ್ಪಿಸಬಹುದು. ತುಕ್ಕು ಹಿಡಿದ ಅರ್ತ್ ಜೋಡಣೆ ಆ ಪಾಠದ ರೋಧವೇ ತಾನೆ?

ಹಳೆಯ ಪಿಕಪ್ ಕೊಳ್ಳುವವರೂ ಇದೇ ಕ್ರಮ ಅನುಸರಿಸಲಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ನೀವೇ ನಿಂತು ಸ್ಟಾರ್ಟ್ ಮಾಡಿಸಿ, ಹಳದಿ ದೀಪ ಹೊತ್ತಿ ಆರುವುದನ್ನು ನೋಡಿ. ಮಾರುವ ಮುನ್ನ ಕೋಡು ಅಳಿಸಿರಬಹುದಾದ್ದರಿಂದ 20–30 ಕಿಲೋಮೀಟರ್ ಓಡಿಸಿದ ಬಳಿಕ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಮುಂಗಡದ ಹಣ ಕೊಡುವುದು ಅದರ ನಂತರವಿರಲಿ.