ಯಾರಿಗೂ ಕೇಳದ ಸದ್ದು

ಬೇಸಿಗೆಯಲ್ಲಿ ಯಡ್ರಾಮಿಯ ಮನೆಗಳು ರಾತ್ರಿಯಾದರೂ ಕಾದ ಹಂಚಿನಂತಿರುತ್ತವೆ. ಇಶಾ ನಮಾಝ್ ಮುಗಿದು ಊಟವಾದ ಬಳಿಕ ಹಾಸಿಗೆಗಳೆಲ್ಲ ಮಾಳಿಗೆ ಏರುತ್ತವೆ. ಅಂಥ ಒಂದು ರಾತ್ರಿ ಕರೆಂಟು ಹೋಗಿ ಊರೆಲ್ಲ ನಿಶ್ಶಬ್ದವಾಗಿತ್ತು. ನನ್ನ ಪಕ್ಕದಲ್ಲಿ ಮಲಗಿದ್ದ ಖಾಲಾ ಎದ್ದು ಕುಳಿತು ಕೇಳಿದರು: "ಕರೆಂಟ್ ಇಲ್ಲ, ಮತ್ತ ಗಿರಣಿ ಹ್ಯಾಂಗ ನಡದದ?"

ಗಿರಣಿ ನಡೆದಿರಲಿಲ್ಲ. ಮನೆಯ ಮುಂಭಾಗದಲ್ಲಿದ್ದ ಅವರದೇ ಹಿಟ್ಟಿನ ಗಿರಣಿ ಸಂಜೆಗೇ ಬಾಗಿಲು ಹಾಕಿತ್ತು. ಹಾಗೆಂದಾಗ ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅದು ನನ್ನ ಕಿವ್ಯಾಗೇ ಅದ" ಎಂದರು. ಎರಡು ವರ್ಷಗಳಿಂದ ಹಗಲೂ ರಾತ್ರಿ ಅವರ ಕಿವಿಯಲ್ಲಿ ಏನೋ ಮೊರೆಯುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಹೇಳಿದ ಮೇಲಾದರೂ ಏನಾಯಿತು? "ವಯಸ್ಸಾಯಿತಲ್ಲ, ಬಿಡಿ" ಎಂದರು ಮಕ್ಕಳು. ಯಾರೋ ನಿಮ್ಮ ಬಗ್ಗೆ ಹಿಂದಿನಿಂದ ಮಾತಾಡುತ್ತಿದ್ದಾರೆ ಎಂದರು ಪಕ್ಕದ ಮನೆಯವರು. ಗಾಳಿ ಸೋಕಿರಬಹುದೆಂದು ಇನ್ನೊಬ್ಬರು ದಾರ ಕಟ್ಟಿಸಿದರು. ಮತ್ತೊಬ್ಬರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಒಬ್ಬ ವೈದ್ಯರು ಕಿವಿಯನ್ನು ನೋಡದೆಯೇ ಮಾತ್ರೆ ಬರೆದು, "ಇದಕ್ಕೆ ಔಷಧಿಯಿಲ್ಲ, ಹೊಂದಿಕೊಳ್ಳಿ" ಎಂದು ಕಳುಹಿಸಿದರು. ಖಾಲಾ ಕ್ರಮೇಣ ಮದುವೆ, ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟರು. ಮೊಮ್ಮಕ್ಕಳ ಮೇಲೆ ರೇಗತೊಡಗಿದರು. ನಮಾಝಿನ ಬಳಿಕ ಮುಸಲ್ಲಾದ ಮೇಲೆ ಬಹಳ ಹೊತ್ತು ಕೂರುತ್ತಿದ್ದವರು ಈಗ ಬೇಗನೆ ಎದ್ದುಬಿಡುತ್ತಿದ್ದರು. ಮೌನವಾಗಿ ಕುಳಿತರೆ ಸದ್ದು ಇನ್ನೂ ಜೋರಾಗುತ್ತದೆ ಎಂಬ ಭಯ ಅವರಿಗೆ.

ಕೊನೆಗೆ ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮಾ ನದಿ ದಾಟಿ ಕಲಬುರಗಿಗೆ ಕರೆದುಕೊಂಡು ಹೋದೆವು. ಅಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಅದು ಹೇಗೆ ಕೇಳಿಸುತ್ತದೆ? ಗಿರಣಿಯ ಹಾಗೋ, ಕುಕ್ಕರಿನ ಹಾಗೋ, ಜೀರುಂಡೆಯ ಹಾಗೋ?" ಖಾಲಾ ಉತ್ತರಿಸುವ ಮೊದಲು ಅತ್ತುಬಿಟ್ಟರು. ಆ ಸದ್ದು ಇದೆ ಎಂದು ಒಪ್ಪಿಕೊಂಡು, ಅದು ಹೇಗಿದೆ ಎಂದು ಕೇಳಿದವರಲ್ಲಿ ಆಕೆಯೇ ಮೊದಲಿಗಳು.

ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯಲ್ಲಿ ಅಥವಾ ತಲೆಯೊಳಗೆ ಸದ್ದು ಕೇಳಿಸುವುದನ್ನು ವೈದ್ಯರು ಟಿನಿಟಸ್ ಎನ್ನುತ್ತಾರೆ. ಕನ್ನಡದಲ್ಲಿ ಕಿವಿಮೊರೆತ ಎನ್ನಬಹುದು. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ, ಅಂದರೆ 74 ಕೋಟಿಗೂ ಹೆಚ್ಚು ಜನರಿಗೆ ಇದರ ಅನುಭವವಿದೆ. ಅವರಲ್ಲಿ ಸುಮಾರು 12 ಕೋಟಿ ಮಂದಿಗೆ ಅದು ತೀವ್ರವಾದ ಕಾಟ.

1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬವರು ಚೆನ್ನಾಗಿ ಕಿವಿ ಕೇಳುವ 80 ಮಂದಿಯನ್ನು ಸದ್ದೇ ನುಸುಳದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೆ ಎಂದು ವಿಚಾರಿಸಿದರು. ನೂರಕ್ಕೆ 94 ಮಂದಿಗೆ ಗುಂಯ್, ಜೀ, ಸುಯ್ ಎಂದು ಏನಾದರೊಂದು ಕೇಳಿಸಿತ್ತು. ಕಿವಿ ಮಂದವಾದವರು ಹೇಳುವ ಸದ್ದುಗಳೂ ಹೆಚ್ಚುಕಡಿಮೆ ಇವೇ. ಅಂದರೆ ನಮ್ಮೆಲ್ಲರೊಳಗೂ ಒಂದು ಸಣ್ಣ ಸದ್ದಿದೆ. ದಿನನಿತ್ಯದ ಗದ್ದಲದಲ್ಲಿ ಅದು ಮುಚ್ಚಿಹೋಗಿರುತ್ತದೆ. ಕೆಲವರಲ್ಲಿ ಅದು ಹೊರಗೆ ಎದ್ದು ಬರುತ್ತದೆ.

ಹಾಗಾದರೆ ಖಾಲಾರ ಕಿವಿಯಲ್ಲಿ ಏನಾಗಿತ್ತು? ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ಗಿರಣಿಯ ಪಕ್ಕದಲ್ಲೇ ಕುಳಿತು ಜೋಳ ತೂಗಿದವರು. ಹಿಟ್ಟು ಮೂಗಿಗೆ ಹೋಗದಿರಲೆಂದು ಸೆರಗು ಕಟ್ಟಿಕೊಳ್ಳುತ್ತಿದ್ದರು. ಕಿವಿಗೆ ಮಾತ್ರ ಏನನ್ನೂ ಕಟ್ಟಲಿಲ್ಲ. ನಮ್ಮ ಒಳಕಿವಿಯ ಶಂಖದಂತಹ ಸುರುಳಿಯಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ಕೂದಲು ಕೋಶಗಳಿವೆ. ಸದ್ದನ್ನು ಹಿಡಿದು ನರಕ್ಕೆ ಮುಟ್ಟಿಸುವುದು ಅವುಗಳ ಕೆಲಸ. ವರ್ಷಗಟ್ಟಲೆ ಕರ್ಕಶ ಸದ್ದಿಗೆ ಒಡ್ಡಿಕೊಂಡರೆ ಅವು ಸಾಯುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ದೂರದ ರೇಡಿಯೋ ಕೇಂದ್ರ ಸರಿಯಾಗಿ ಸಿಗದಿದ್ದಾಗ ನಾವು ವಾಲ್ಯೂಮ್ ಏರಿಸುತ್ತೇವಲ್ಲ, ಮೆದುಳೂ ಹಾಗೆಯೇ ಮಾಡುತ್ತದೆ. ಹಾಡು ಸಿಗುವುದಿಲ್ಲ, ಬರೀ ಗೊರಗೊರ ಸದ್ದು ಜೋರಾಗುತ್ತದೆ. ಕಿವಿಮೊರೆತದ ಬಗ್ಗೆ ವಿಜ್ಞಾನಿಗಳು ಇಂದು ಹೆಚ್ಚಾಗಿ ಒಪ್ಪುವ ವಿವರಣೆ ಇದು. ಸದ್ದು ಕೇಳಿಸುವುದು ಕಿವಿಯಲ್ಲಾದರೂ ಅದನ್ನು ಹುಟ್ಟಿಸುವುದು ಬಹಳ ಮಟ್ಟಿಗೆ ಮೆದುಳು.

ಸದ್ದಿಗೆ ಹೆಸರಿಡಿ

ಈ ತೊಂದರೆ ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಇದಕ್ಕೆ ಮೂರು ಪದಗಳನ್ನು ಬಳಸಿದ್ದಾರೆ. ದವೀ ಎಂದರೆ ಗುಂಯ್‌ಗುಡುವ ಮೊರೆತ, ತನೀನ್ ಎಂದರೆ ಲೋಹದಂತೆ ರಿಂಗಣಿಸುವ ಸದ್ದು, ಸಫೀರ್ ಎಂದರೆ ಸಿಳ್ಳು. ಆಯುರ್ವೇದದ ಮಾಧವನಿದಾನವೂ ಭೇರಿ, ಮೃದಂಗ, ಶಂಖಗಳಂತೆ ಕೇಳಿಸುವುದನ್ನು ಕರ್ಣನಾದವೆಂದೂ ಕೊಳಲಿನಂತೆ ಕೇಳಿಸುವುದನ್ನು ಕರ್ಣಕ್ಷ್ವೇಡವೆಂದೂ ಬೇರ್ಪಡಿಸಿದೆ. ರೋಗಿಗೆ ಕೇಳಿಸುವ ಸದ್ದನ್ನು ವೈದ್ಯರು ಕೇಳಲಾರರು. ಆದ್ದರಿಂದ ರೋಗಿಯ ಮಾತೇ ಅವರಿಗೆ ದಾರಿದೀಪ ಎಂಬುದನ್ನು ಅಂದಿನವರೂ ಅರಿತಿದ್ದರು.

ಸದ್ದುಗಳನ್ನು ಬಣ್ಣಿಸಲು ನಮ್ಮ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಅಡುಗೆಮನೆಯಿಂದಲೇ ಆರಿಸಿಕೊಳ್ಳಬಹುದು. ಸೀಟಿ ಹೊಡೆಯುವ ಮುಂಚೆ ಕುಕ್ಕರ್ ಸುಯ್‌ಗುಟ್ಟುವ ಹಾಗೆ, ಸಂಜೆಯ ಜೀರುಂಡೆಗಳ ಹಾಗೆ, ಬೋರಿನ ಮೋಟಾರಿನ ಹಾಗೆ, ತಂಬಿಗೆಯ ಬಾಯಿಗೆ ಕಿವಿಯಿಟ್ಟಾಗ ಭೋರೆನ್ನುವ ಹಾಗೆ, ರೊಟ್ಟಿ ಬಡಿಯುವ ಹಾಗೆ. ಈ ವ್ಯತ್ಯಾಸಗಳು ವೈದ್ಯರಿಗೆ ಬೇಕು. ಏಕೆಂದರೆ ಸದ್ದಿನ ಬಗೆಯಲ್ಲಿ ಕಾರಣದ ಸುಳಿವಿರುತ್ತದೆ.

ಸಣ್ಣದಾಗಿ, ತಾರದಲ್ಲಿ ಜೀ ಎಂದು ಎರಡೂ ಕಿವಿಗಳಲ್ಲಿ ಕೇಳಿಸಿದರೆ ಅದು ಹೆಚ್ಚಾಗಿ ವಯಸ್ಸಿನಿಂದ ಅಥವಾ ಗದ್ದಲದಿಂದ ಕಿವಿ ಮಂದವಾದುದರ ಲಕ್ಷಣ. ಕಿವಿ ಕಟ್ಟಿದಂತಾಗಿ, ಭೋರೆಂಬ ಸದ್ದಿನೊಂದಿಗೆ ತಲೆ ಸುತ್ತಿ ವಾಂತಿ ಬಂದು, ಕೆಲವು ಗಂಟೆಗಳಲ್ಲಿ ಕಡಿಮೆಯಾಗುತ್ತಿದ್ದರೆ ಮೆನಿಯರ್ ಎಂಬ ಒಳಕಿವಿಯ ರೋಗವಿರಬಹುದು. ಎದೆಬಡಿತಕ್ಕೆ ಸರಿಯಾಗಿ ಧಪ್ ಧಪ್ ಎಂದೋ ಸುಯ್ ಸುಯ್ ಎಂದೋ ಕೇಳಿಸುತ್ತಿದ್ದರೆ ಅದು ರಕ್ತ ಹರಿಯುವ ಸದ್ದು. ಕೆಲವರಿಗೆ ಬಾಗಿದಾಗ, ಸುಜೂದ್‌ಗೆ ಹೋದಾಗ ಇದು ಹೆಚ್ಚಾಗುತ್ತದೆ. ಇದನ್ನು ಮಹಿಳೆಯರು ವಿಶೇಷವಾಗಿ ಗಮನಿಸಬೇಕು. ರಕ್ತಹೀನತೆ, ರಕ್ತದೊತ್ತಡ, ಥೈರಾಯ್ಡ್ ತೊಂದರೆಗಳಿಂದಲೂ ಹೀಗಾಗಬಹುದು. ಅವುಗಳಿಗೆ ಚಿಕಿತ್ಸೆ ಇದೆ. ಅಪರೂಪಕ್ಕೆ ರಕ್ತನಾಳದ ದೋಷವೂ ಇರಬಹುದಾದ್ದರಿಂದ ತಪಾಸಣೆ ಅಗತ್ಯ. ಟಿಕ್ ಟಿಕ್, ಕಟ ಕಟ ಎಂಬ ಸದ್ದು ದವಡೆಯ ಕೀಲಿನಿಂದ ಅಥವಾ ಕಿವಿಯ ಸಣ್ಣ ಸ್ನಾಯುಗಳ ಸೆಳೆತದಿಂದ ಬರಬಹುದು.

ಒಂದು ವಿಷಯ ಸ್ಪಷ್ಟವಾಗಿರಲಿ. ಕೇಳಿಸುವುದು ಮಾತುಗಳಾಗಿದ್ದರೆ, ಯಾರೋ ಬೈಯುವಂತೆ, ಆಜ್ಞೆ ಮಾಡುವಂತೆ ಕೇಳಿಸುತ್ತಿದ್ದರೆ ಅದು ಕಿವಿಮೊರೆತವಲ್ಲ. ಮನೋವೈದ್ಯರನ್ನು ಕಾಣಬೇಕು. ಅದೂ ಒಂದು ಕಾಯಿಲೆಯೇ, ನಾಚಿಕೆಪಡುವ ವಿಷಯವಲ್ಲ.

ವೈದ್ಯರ ಬಳಿ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಯಾವಾಗಿನಿಂದ? ಒಂದು ಕಿವಿಯೋ, ಎರಡೂ ಕಿವಿಗಳೋ? ಸದಾ ಇರುತ್ತದೋ, ಬಂದು ಹೋಗುತ್ತದೋ? ಯಾವುದರಂತೆ ಕೇಳಿಸುತ್ತದೆ? ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಹೆಚ್ಚು ಪ್ರಮಾಣದ ಆಸ್ಪಿರಿನ್, ಜೆಂಟಾಮೈಸಿನ್‌ನಂತಹ ಕೆಲವು ಇಂಜೆಕ್ಷನ್‌ಗಳು, ಕ್ವಿನೈನ್ ಮುಂತಾದವು ಕಿವಿಗೆ ತೊಂದರೆ ಕೊಡಬಲ್ಲವು. ಆದರೆ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.

ತಡ ಮಾಡಬಾರದ ಸಂದರ್ಭಗಳು

ಒಂದು ಕಿವಿ ಹಠಾತ್ತನೆ ಕೇಳಿಸದಾದರೆ ಅದೇ ದಿನ ಅಥವಾ ಮರುದಿನವೇ ಕಿವಿ ತಜ್ಞರನ್ನು ಕಾಣಬೇಕು. ಮೊದಲ ದಿನಗಳಲ್ಲಿ ಚಿಕಿತ್ಸೆ ಸಿಕ್ಕಿದರೆ ಕೇಳುವಿಕೆ ಮರಳುವ ಸಾಧ್ಯತೆ ಹೆಚ್ಚು. ಒಂದೇ ಕಿವಿಯಲ್ಲಿ ನಿರಂತರ ಸದ್ದು, ಎದೆಬಡಿತದಂತಹ ಸದ್ದು, ಕಿವಿ ಸೋರುವುದು, ತಲೆಸುತ್ತು, ಮುಖ ಸೊಟ್ಟಗಾಗುವುದು, ಇವುಗಳನ್ನೂ ಮುಂದೂಡಬೇಡಿ. ಕೆಲವೊಮ್ಮೆ ಕಾರಣ ಬರೀ ಗಟ್ಟಿಯಾದ ಗುಗ್ಗೆಯಾಗಿರುತ್ತದೆ. ಅದನ್ನು ತೆಗೆದರೆ ಸದ್ದೂ ಹೋಗಬಹುದು. ಆದರೆ ಹೇರ್‌ಪಿನ್, ಪಿನ್ನು, ಬೆಂಕಿಕಡ್ಡಿಗಳಿಂದ ನಾವೇ ತೆಗೆಯಲು ಹೋಗಬಾರದು. ಕಿವಿಯ ತಮಟೆ ತೂತಾಗಿದ್ದರೆ ಮನೆಯ ಎಣ್ಣೆ ಒಳಗೆ ಹೋಗಿ ಸೋಂಕು ಹೆಚ್ಚಾಗುತ್ತದೆ.

ಸದ್ದಿನೊಂದಿಗೆ ಬಾಳುವುದು

ಖಾಲಾರ ಕಿವಿಯ ಸದ್ದಿಗೆ ಯಾವ ಸದ್ದು ಸರಿಹೊಂದುತ್ತದೆ ಎಂದು ಆ ಹುಡುಗಿ ಹೆಡ್‌ಫೋನ್‌ನಲ್ಲಿ ಒಂದೊಂದಾಗಿ ಕೇಳಿಸಿದಳು. ಕುಕ್ಕರಿನ ಸುಯ್ ಸದ್ದಿಗೆ ಹತ್ತಿರವಾದುದನ್ನು ಖಾಲಾ ಗುರುತಿಸಿದರು. ಅಷ್ಟು ಕಾಟ ಕೊಡುತ್ತಿದ್ದ ಸದ್ದಿನ ಅಳತೆ ನೋಡಿದರೆ ನಮಗೆಲ್ಲ ಆಶ್ಚರ್ಯ. ಅದು ಪಿಸುಮಾತಿನಷ್ಟೂ ಇರಲಿಲ್ಲ. ಬಹುತೇಕ ಎಲ್ಲರಲ್ಲೂ ಹೀಗೆಯೇ. ಅಳತೆಗೆ ಸಿಗುವ ಸದ್ದು ಚಿಕ್ಕದು, ಕೊಡುವ ಕಾಟ ದೊಡ್ಡದು. ಹಾಗೆಂದು ಕಾಟ ಸುಳ್ಳಲ್ಲ. ಮೆದುಳು ಆ ಸದ್ದನ್ನು ಅಪಾಯವೆಂದು ಬಗೆದು ಕಾವಲು ಕೂರುತ್ತದೆ. ಭಯದಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಸದ್ದು ಹೆಚ್ಚಾದಂತೆ ಅನಿಸುತ್ತದೆ. ಈ ಸರಪಳಿಯನ್ನು ಮುರಿಯುವುದೇ ಚಿಕಿತ್ಸೆ.

ಒಳಕಿವಿಯ ಹಾನಿಯಿಂದಾದ ಮೊರೆತವನ್ನು ಪೂರ್ತಿ ನಿಲ್ಲಿಸುವ ಮಾತ್ರೆ ಇಂದಿಗೂ ಇಲ್ಲ. ಇದೆ ಎಂದು ಜಾಹೀರಾತು ಕೊಡುವವರನ್ನು ನಂಬಿ ಹಣ ಕಳೆದುಕೊಳ್ಳಬೇಡಿ. ಆದರೆ 'ಏನೂ ಮಾಡಲಾಗದು' ಎಂಬುದೂ ಸರಿಯಲ್ಲ. ಕಿವಿ ಮಂದವಾಗಿದ್ದರೆ ಶ್ರವಣ ಯಂತ್ರ ಧರಿಸುವುದರಿಂದ ಹೊರಗಿನ ಸದ್ದು ಮರಳಿ ಬರುತ್ತದೆ, ಒಳಗಿನದು ಹಿಂದೆ ಸರಿಯುತ್ತದೆ. ಭಯದ ಯೋಚನೆಗಳನ್ನು ತಿದ್ದಿಕೊಳ್ಳಲು ಕಲಿಸುವ ಆಪ್ತಸಮಾಲೋಚನೆಯಿಂದ ಕಾಟ ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಸಾಬೀತಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಿವಿ, ಮಾತಿನ ತೊಂದರೆಗಳಿಗೆಂದೇ ಇರುವ ಕೇಂದ್ರ ಸರಕಾರದ ಸಂಸ್ಥೆ. ಮನಸ್ಸು ತೀರಾ ಕುಗ್ಗಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಪೂರ್ಣ ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನು, ಸಣ್ಣಗೆ ಹಚ್ಚಿದ ರೇಡಿಯೋ, ಮೊಬೈಲಿನಲ್ಲಿ ಮಳೆಯ ಸದ್ದು ಅಥವಾ ಮೆಲುದನಿಯ ಕುರ್‌ಆನ್ ಪಾರಾಯಣ, ಯಾವುದಾದರೂ ಆಗಬಹುದು. ಅದು ಒಳಗಿನ ಸದ್ದನ್ನು ಮುಚ್ಚುವಷ್ಟು ಜೋರಾಗಿರಬೇಕಿಲ್ಲ, ಜೊತೆಗಿದ್ದರೆ ಸಾಕು. ಸದ್ದು ಇದೆಯೇ ಎಂದು ಪದೇ ಪದೇ ಕಿವಿಗೊಟ್ಟು ಪರೀಕ್ಷಿಸಬೇಡಿ. ಕೈ ಕೆಲಸದಲ್ಲಿರಲಿ, ನಾಲ್ಕು ಜನರೊಂದಿಗೆ ಮಾತಿರಲಿ.

ಉಳಿದ ಕಿವಿಗಳನ್ನು ಕಾಯೋಣ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರುವುದೇ ಕಿವಿಗೆ ಮಿತಿ. ಅದು 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ನಲ್ಲಿ ಹದಿನೈದು ನಿಮಿಷ ಮಾತ್ರ. ಮದುವೆ ಮೆರವಣಿಗೆಯ ಡಿಜೆ ಪೆಟ್ಟಿಗೆಯ ಮುಂದೆ ಕುಣಿಯುವ ಮಕ್ಕಳನ್ನು ನೆನಪಿಸಿಕೊಳ್ಳಿ. ನಮ್ಮ ಕಲಬುರಗಿ ತೊಗರಿಯ ಕಣಜ. ಬೇಳೆ ಮಿಲ್ಲು, ರಾಶಿ ಯಂತ್ರ, ಟ್ರ್ಯಾಕ್ಟರ್, ಗಿರಣಿಗಳಲ್ಲಿ ದುಡಿಯುವವರಿಗೆ ಕಿವಿಮುಚ್ಚಿಗೆ ಬೇಕು. ಬರೀ ಹತ್ತಿ ತುರುಕಿಕೊಂಡರೆ ಸಾಲದು.

ಮನೆಯವರಿಗೆ ಒಂದು ಮಾತು

ಖಾಲಾ ಈಗ ಶ್ರವಣ ಯಂತ್ರ ಧರಿಸುತ್ತಾರೆ. ಸದ್ದು ನಿಂತಿದೆಯೇ ಎಂದು ಕೇಳಿದರೆ, "ಇಲ್ಲ, ಅದ. ಆದ್ರ ಗ್ವಾಡಿ ಮ್ಯಾಲಿನ ಗಡಿಯಾರದಾಂಗ ಅದ. ಕೇಳಿದ್ರ ಕೇಳ್ತದ, ಇಲ್ಲಾಂದ್ರ ಇಲ್ಲ" ಎನ್ನುತ್ತಾರೆ. ಮುಸಲ್ಲಾದ ಮೇಲೆ ಮತ್ತೆ ಮೊದಲಿನಂತೆ ಬಹಳ ಹೊತ್ತು ಕೂರುತ್ತಾರೆ. ಗಿರಣಿಯಲ್ಲಿ ಕೂರುವ ಮಗನಿಗೆ ತಾವೇ ಕಿವಿಮುಚ್ಚಿಗೆ ತರಿಸಿಕೊಟ್ಟಿದ್ದಾರೆ. ಅದಿಲ್ಲದೆ ಮೋಟಾರಿನ ಸ್ವಿಚ್ಚು ಹಾಕಲು ಬಿಡುವುದಿಲ್ಲ.

ಸಹೋದರಿಯರೇ, ನಮ್ಮ ಮನೆಗಳಲ್ಲಿ ಅತ್ತೆಯೋ, ತಾಯಿಯೋ, ಗಂಡನೋ ಹೀಗೆ ಒಳಗೊಳಗೇ ಸಹಿಸುತ್ತಿರಬಹುದು. ಟಿ.ವಿ. ಜೋರು ಮಾಡುವವರು, ರಾತ್ರಿ ಎದ್ದು ಓಡಾಡುವವರು, ಕಾರಣವಿಲ್ಲದೆ ಸಿಡುಕುವವರು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿ. ಅವರಿಗೆ ಕೇಳಿಸುವ ಸದ್ದನ್ನು ನಾವು ಕೇಳಲಾರೆವು. ಆದರೆ "ಅದು ಹೇಗೆ ಕೇಳಿಸುತ್ತದೆ?" ಎಂದು ಕೇಳಬಲ್ಲೆವು. ಅವರು ಹೇಳಿದ್ದನ್ನು ನಂಬಬಲ್ಲೆವು.