ಮಂಚದಿಂದ ಬಚ್ಚಲಿಗೆ: ಮನೆಯ ಹಿರಿಯರು ಬೀಳದಂಥ ದಾರಿ ಮಾಡಿಕೊಡಿ



ತೋಟಕ್ಕೆ ಡ್ರಿಪ್ ಹಾಕಿಸುವಾಗ ನಾವು ಟೇಪು ಹಿಡಿದು ಸಾಲು ಸಾಲು ಅಳೀತೀವಿ. ಕೊಟ್ಟಿಗೆಯಲ್ಲಿ ಹಸು ಜಾರಬಾರದು ಅಂತ ರಬ್ಬರ್ ಮ್ಯಾಟ್ ತಂದು ಹಾಸ್ತೀವಿ. ಆದರೆ ಎಪ್ಪತ್ತೈದು ದಾಟಿದ ಅವ್ವ ರಾತ್ರಿ ಎರಡು ಸಲ ಎದ್ದು ಹೋಗುವ ಬಚ್ಚಲಿನ ನೆಲ ಹೇಗಿದೆ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ? ಈ ವಾರದ ಲೇಖನ ಅದರ ಬಗ್ಗೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ವಯಸ್ಸಾದಂತೆ ಮೂಳೆ ಟೊಳ್ಳಾಗುತ್ತದೆ. ಹುಡುಗರು ಬಿದ್ದರೆ ಮಂಡಿ ತರಚುತ್ತೆ, ತಾತ ಬಿದ್ದರೆ ಸೊಂಟದ ಕೀಲಿನ ಮೂಳೆ ಮುರಿಯುತ್ತೆ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ, ಬೆನ್ನಿನ ಹುಣ್ಣು, ಎದೆಗೆ ಕಫ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಹೀಗಾದರೆ ಮನೆಯ ಒಬ್ಬರು ಆಸ್ಪತ್ರೆಯಲ್ಲೇ ಕೂರಬೇಕು.

ಹಾಗಂತ "ನೀನು ಎದ್ದೇಳಬೇಡ, ಸುಮ್ನೆ ಕೂತ್ಕೋ" ಅನ್ನೋದು ಪರಿಹಾರವಲ್ಲ. ಕೂತವರ ಕಾಲಿನ ಬಲ ಬೇಗ ಇಳಿಯುತ್ತೆ. ಬಲ ಇಳಿದವರು ಇನ್ನೂ ಬೇಗ ಬೀಳ್ತಾರೆ. ನಾವು ಮಾಡಬೇಕಾದ್ದು ಅವರನ್ನು ಕೂರಿಸೋದಲ್ಲ, ಅವರು ಓಡಾಡುವ ದಾರಿಯನ್ನು ಸರಿಮಾಡೋದು.

ಮೊದಲು ದಾರಿ ನೋಡಿ

ಒಂದು ರಾತ್ರಿ ದೀಪ ಆರಿಸಿ, ಹಿರಿಯರು ಮಲಗುವ ಜಾಗದಿಂದ ಬಚ್ಚಲು, ಕಕ್ಕಸಿನವರೆಗೆ ನೀವೇ ನಿಧಾನಕ್ಕೆ ನಡೆದು ನೋಡಿ. ಕಾಲಿಗೆ ಏನು ಸಿಕ್ಕಿತು, ಕೈ ಯಾವುದನ್ನು ಹಿಡಿಯಲು ಹುಡುಕಿತು, ಎಲ್ಲಿ ಹೆಜ್ಜೆ ತಪ್ಪಿತು ಅನ್ನೋದನ್ನು ಬರೆದುಕೊಳ್ಳಿ. ಕೆಲಸದ ಪಟ್ಟಿ ಅದೇ. ಆಮೇಲೆ ಅವರನ್ನೇ ಕೇಳಿ: "ಅವ್ವ, ಎಲ್ಲಿ ಭಯ ಆಗುತ್ತೆ?" ನಮಗೆ ಕಾಣದ ಜಾಗವನ್ನು ಅವರು ತೋರಿಸ್ತಾರೆ.

ಬೆಳಕು

ಕರೆಂಟ್ ಹೋದರೂ ಉರಿಯುವ ಇನ್ವರ್ಟರ್ ಬಲ್ಬನ್ನು ನಡುಮನೆಯಲ್ಲಿ ಒಂದು, ಬಚ್ಚಲ ಬಾಗಿಲ ಬಳಿ ಒಂದು ಹಾಕಿ. ಸ್ವಿಚ್ಚು ಮಂಚದಿಂದ ಕೈಗೆ ಎಟುಕಬೇಕು. ದಿಂಬಿನ ಪಕ್ಕ ಟಾರ್ಚ್ ಇರಲಿ, ದಾರ ಕಟ್ಟಿ ಮಂಚದ ಕಾಲಿಗೆ ಬಿಗಿದರೆ ಮೊಮ್ಮಕ್ಕಳು ಎತ್ತಿಕೊಂಡು ಹೋಗಲ್ಲ. ಕಕ್ಕಸು ಹಿತ್ತಲಲ್ಲಿದ್ದರೆ ಅಲ್ಲಿವರೆಗೂ ದೀಪ ಬೇಕು. ರಾತ್ರಿ ಪಾಳಿಯ ತ್ರೀಫೇಸ್ ಬಂದಾಗ ಮೋಟರ್ ಹಾಕೋಕೆ ತಾತ ಎದ್ದು ಹೋಗುವ ರೂಢಿ ಇದ್ದರೆ ಆ ಕೆಲಸ ಬೇರೆಯವರಿಗೆ ವಹಿಸಿ, ಇಲ್ಲವೇ ಆಟೋ ಸ್ಟಾರ್ಟರ್ ಹಾಕಿಸಿ.

ಬಚ್ಚಲು, ಕಕ್ಕಸು

ನೀರು, ಸೋಪು, ಎಣ್ಣೆ ಮೂರೂ ಸೇರುವ ಜಾಗ ಇದು. ನುಣುಪಾದ ಟೈಲ್ಸ್ ಅಥವಾ ಪಾಲಿಶ್ ಕಡಪ ಕಲ್ಲು ಇದ್ದರೆ ಒರಟು ಮೇಲ್ಮೈಯ ಟೈಲ್ಸ್ ಹಾಕಿಸಿ. ಈಗಲೇ ಆಗದಿದ್ದರೆ ತೂತುಗಳಿರುವ ರಬ್ಬರ್ ಮ್ಯಾಟ್ ಹಾಸಿ, ವಾರಕ್ಕೊಮ್ಮೆ ಎತ್ತಿ ಅಡಿಯ ಪಾಚಿ ಉಜ್ಜಿ. ನಿಂತು ಸ್ನಾನ ಬೇಡ, ಗಟ್ಟಿ ಸ್ಟೂಲ್ ಇಡಿ. ಹಂಡೆಯ ಬಿಸಿನೀರನ್ನು ಹಿರಿಯರು ಹೊರಬಾರದು, ತೋಡಿ ಇಡುವ ಕೆಲಸ ಮನೆಯವರದ್ದು.

ಹಿಡಿಕೆ ಹಾಕಿಸೋದು ಬಹಳ ಮುಖ್ಯ. ಟವೆಲ್ ಹಾಕುವ ಪ್ಲಾಸ್ಟಿಕ್ ರಾಡು ಮೈಭಾರ ತಡೆಯಲ್ಲ. ಒಂದಿಂಚಿನ ಜಿಐ ಪೈಪಿಗೆ ಎರಡೂ ಕಡೆ ಪ್ಲೇಟ್ ವೆಲ್ಡ್ ಮಾಡಿಸಿ, ಬಣ್ಣ ಹೊಡೆದು, ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಹಾಕಿ ಬಿಗಿಸಿ. ಹಳೇ ಹೆಂಚಿನ ಮನೆಯ ಮಣ್ಣಿನ ಗೋಡೆ ಬೋಲ್ಟ್ ಹಿಡಿಯಲ್ಲ. ಅಲ್ಲಿ ನೆಲದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಕಾಂಕ್ರೀಟಲ್ಲಿ ಪೈಪ್ ನಿಲ್ಲಿಸಿ. ಎತ್ತರವನ್ನು ಅವರನ್ನೇ ಕೂರಿಸಿ, ಕೈ ಸಲೀಸಾಗಿ ಹೋಗುವ ಕಡೆ ಗುರುತು ಮಾಡಿ. ಬಿಗಿದ ಮೇಲೆ ಮನೆಯ ಗಟ್ಟಿಮುಟ್ಟಾದ ಹುಡುಗ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಲಿ.

ಮಂಡಿ ನೋವಿದ್ದರೆ ಕುಕ್ಕರಗಾಲಲ್ಲಿ ಕೂತು ಏಳುವುದು ಕಷ್ಟ. ಇರುವ ಕಕ್ಕಸಿನ ಮೇಲೇ ಇಡಬಹುದಾದ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತೆ. ಒಳಗಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ನೀರು ಕಾಯಿಸುವ ಕಾಯಿಲ್ ಹೀಟರ್ ಅವರ ಕೈಗೆ ಕೊಡಲೇಬೇಡಿ. ಮನೆಯ ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಶಾಕ್ ಹೊಡೆದರೆ ಅದು ಕ್ಷಣದಲ್ಲಿ ಕರೆಂಟ್ ಕಡಿಯುತ್ತದೆ.

ಹೊಸ್ತಿಲು, ಮೆಟ್ಟಿಲು

ಅರಿಶಿನ ಕುಂಕುಮ ಇಡುವ ಹೊಸ್ತಿಲನ್ನು ಒಡೆಯಿರಿ ಅಂತ ಯಾರೂ ಹೇಳಲ್ಲ. ಬಾಗಿಲ ಚೌಕಟ್ಟಿಗೆ ಗಟ್ಟಿಯಾದ ಹಿಡಿಕೆ ಹಾಕಿ, ಹೊಸ್ತಿಲ ಅಂಚು ಕಾಣುವಂತೆ ಹಳದಿ ಬಣ್ಣದ ಪಟ್ಟಿ ಬಳಿಯಿರಿ. ಮೆಟ್ಟಿಲ ಅಂಚಿಗೂ ಅಷ್ಟೇ. ಮೆಟ್ಟಿಲು ತೆಗೆದು ಇಳಿಜಾರು ಮಾಡಿಸುವುದಾದರೆ ಒಂದಕ್ಕೆ ಹನ್ನೆರಡರ ಲೆಕ್ಕ ಹಿಡಿಯಿರಿ: ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಉದ್ದ. ಗಾರೆಯವರು ಸಿಮೆಂಟ್ ನುಣ್ಣಗೆ ಉಜ್ಜಲು ಬಂದರೆ ತಡೆದು, ಹಸಿ ಇರುವಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಿ.

ಅಂಗಳ, ಕೊಟ್ಟಿಗೆ

ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ನೆರಳು ಜಾಸ್ತಿ, ನೆಲ ಒಣಗೋದು ನಿಧಾನ. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರಲ್ಲೇ ಮಳೆ ಜೋರು. ಆಗ ಚಪ್ಪಡಿ ಕಲ್ಲಿನ ಮೇಲೆ ಪಾಚಿ ಕಟ್ಟುತ್ತೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆಯಿರಿ. ಅಡಿಕೆ ಸುಲಿಯುವ ದಿನಗಳಲ್ಲಿ ಚೆಲ್ಲಿದ ಅಡಿಕೆ ಕಾಲಡಿ ಗೋಲಿ ಇದ್ದಂಗೆ. ಕುಣಿಗಲ್ ಕಡೆ ರಾಗಿ ಒಕ್ಕಣೆಯ ಮನೆಗಳಲ್ಲಿ ನಯವಾದ ನೆಲದ ಮೇಲೆ ಉದುರಿದ ರಾಗಿಯೂ ಹಾಗೇ ಜಾರಿಸುತ್ತೆ. ಹಿರಿಯರು ಓಡಾಡುವ ದಾರಿಯನ್ನು ಸಂಜೆ ಒಮ್ಮೆ ಗುಡಿಸಿ ಬಿಡಿ. ನೀರಿನ ಪೈಪು, ಹಗ್ಗ, ತೆಂಗಿನ ಗರಿ ಅಡ್ಡ ಬಿದ್ದಿರಬಾರದು.

ಅಜ್ಜಿ ಹಸು ಹಿಡಿದುಕೊಂಡು ಹೋಗುವಾಗ ಹಗ್ಗವನ್ನು ಕೈಗೆ ಸುತ್ತಿಕೊಳ್ಳದಂತೆ ಹೇಳಿ. ಹಸು ಬೆದರಿದರೆ ಎಳೆದುಕೊಂಡೇ ಹೋಗುತ್ತೆ. ಸವೆದ ಹವಾಯಿ ಚಪ್ಪಲಿ ಬದಲು ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಒರಟಾದ ಚಪ್ಪಲಿ ಕೊಡಿಸಿ. ಇನ್ನೊಂದು ಮಾತು: ಕೀಟನಾಶಕವನ್ನು ಜ್ಯೂಸ್ ಬಾಟಲಿಗೆ, ಔಷಧಿ ಬಾಟಲಿಗೆ ಸುರಿದು ಇಡಬೇಡಿ. ಕಣ್ಣು ಮಂಜಾದವರಿಗೆ ಅದು ಕೆಮ್ಮಿನ ಸಿರಪ್ಪಿನಂತೆ ಕಾಣುತ್ತೆ. ಮೂಲ ಡಬ್ಬಿಯಲ್ಲೇ ಇಟ್ಟು ಬೀಗ ಹಾಕಿ.

ತುಮಕೂರಿನ ಮಗನ ಮನೆಗೆ ಬಂದಾಗ

ಊರಿನ ತಂದೆತಾಯಿ ಬಟವಾಡಿ, ಕ್ಯಾತ್ಸಂದ್ರ, ಶಿರಾ ಗೇಟ್ ಕಡೆಯ ಮಕ್ಕಳ ಮನೆಗೆ ಬಂದು ಇರೋದು ಮಾಮೂಲು. 30x40 ಸೈಟಿನ ಮನೆ, ಹೊಳೆಯುವ ಟೈಲ್ಸ್, ಕಡಿದಾದ ಮೆಟ್ಟಿಲು, ಎಲ್ಲವೂ ಅವರಿಗೆ ಹೊಸದು. ಕೆಳಗಿನ ಮನೆಯಲ್ಲೇ ಕೋಣೆ ಕೊಡಿ. ನೆಲ ಒರೆಸಿದ ಮೇಲೆ ಒಣಗುವವರೆಗೆ ಫ್ಯಾನ್ ಹಾಕಿ. ಜಾರುವ ಕಾಲೊರಸು ತೆಗೆದುಬಿಡಿ. ಮಂಚದ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಬಂದ ದಿನವೇ ಕೈಹಿಡಿದು ಬಚ್ಚಲ ದಾರಿಯನ್ನು ಎರಡು ಸಲ ತೋರಿಸಿ.

ಕಣ್ಣು, ಮಾತ್ರೆ, ಕಾಲು

ಪೊರೆ ಬಂದ ಕಣ್ಣಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆ ಇದೆ, ಮುಂದೂಡಬೇಡಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳೋರಿಗೆ ಎದ್ದ ತಕ್ಷಣ ತಲೆ ತಿರುಗಬಹುದು. ಎದ್ದು ಒಂದೆರಡು ನಿಮಿಷ ಮಂಚದ ಅಂಚಲ್ಲೇ ಕೂತು ಆಮೇಲೆ ನಿಲ್ಲಲಿ. ಪದೇಪದೇ ತಲೆ ತಿರುಗಿದರೆ ಮಾತ್ರೆಗಳನ್ನೆಲ್ಲ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ನೀವಾಗೇ ನಿಲ್ಲಿಸಬೇಡಿ. ಆಗುವವರು ಗೋಡೆಗೆ ಒರಗಿಸಿದ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ಎದ್ದು ಕೂತು ಮಾಡಿದರೆ ತೊಡೆ ಗಟ್ಟಿಯಾಗುತ್ತೆ.

ಬಿದ್ದೇ ಬಿಟ್ಟರೆ

ಗಾಬರಿಯಲ್ಲಿ ರಟ್ಟೆ ಹಿಡಿದು ಎತ್ತಬೇಡಿ. ತೊಡೆಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಹೊರಗೆ ತಿರುಗಿದಂತೆ ಕಂಡರೆ ಸೊಂಟದ ಮೂಳೆ ಮುರಿದಿರಬಹುದು. ಉಜ್ಜಬೇಡಿ, ನಾಟಿ ಕಟ್ಟು ಕಟ್ಟಿಸಿ ದಿನ ಕಳೆಯಬೇಡಿ. ತಿನ್ನಲು, ಕುಡಿಯಲು ಏನೂ ಕೊಡದೆ, ಬೆಚ್ಚಗೆ ಹೊದಿಸಿ 108ಕ್ಕೆ ಕರೆ ಮಾಡಿ. ಇಂಥ ಮುರಿತಕ್ಕೆ ಒಂದೆರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ಕುಣಿಗಲ್‌ನಿಂದ ಸುಮಾರು 35 ಕಿ.ಮೀ., ಹಾಗಾಗಿ ಬೆಳಗಾಗಲಿ ಅಂತ ಕಾಯಬೇಡಿ. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಸರ್ಕಾರದ ನೆರವು

2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಅರವತ್ತು ದಾಟಿದ ಬಡ ಕುಟುಂಬದವರಿಗೆ ಊರುಗೋಲು, ವಾಕರ್, ಕನ್ನಡಕ, ಶ್ರವಣ ಸಾಧನಗಳನ್ನು ಶಿಬಿರಗಳ ಮೂಲಕ ಉಚಿತವಾಗಿ ಕೊಡುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ ವಿಚಾರಿಸಿ. ಊರುಗೋಲಿನ ತುದಿಯ ರಬ್ಬರ್ ಸವೆದರೆ ಬದಲಿಸಿ. ಅದರ ಹಿಡಿ ನಿಂತವರ ಮಣಿಕಟ್ಟಿನ ಮಟ್ಟಕ್ಕಿರಲಿ.

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ಭಾನುವಾರ ಒಂದು ಬಲ್ಬು, ಬಚ್ಚಲಿಗೆ ಒಂದು ಹಿಡಿಕೆ, ಹೊಸ್ತಿಲಿಗೆ ಒಂದು ಹಳದಿ ಪಟ್ಟಿ ಮಾಡಿ. "ನಂಗೇನಾಗಿದೆ, ಇನ್ನೂ ಗಟ್ಟಿ ಇದೀನಿ" ಅಂತ ತಾತ ರೇಗಿದರೆ ವಾದ ಬೇಡ. "ಗಟ್ಟಿ ಇರೋದಕ್ಕೇ ತಾತ, ನೀನು ನಾಳೆನೂ ತೋಟಕ್ಕೆ ಬರಬೇಕಲ್ಲ" ಅನ್ನಿ.